ಕೆಂಪು ಬೊಟ್ಟು: ಒಂದು ಪುಟ್ಟ ವಿಮಾನ ಕಲಿಸಿದ ಇತಿಹಾಸ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ಮೊದಲು ಹಿಂಜರಿದೆ. ನಾನು ಸಾಹಿತಿಯಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ನನಗಿರುವ ಒಂದೇ ಹವ್ಯಾಸವೆಂದರೆ ಯುದ್ಧ ವಿಮಾನಗಳ ಪುಟ್ಟ ಮಾದರಿಗಳನ್ನು ಜೋಡಿಸಿ ಬಣ್ಣ ಹಚ್ಚುವುದು. "ಅದನ್ನೇ ಬರೆಯಿರಿ, ಅದು ಶುರುವಾದದ್ದು ಈ ಶಾಲೆಯಲ್ಲೇ ಅಲ್ಲವೆ?" ಎಂದರು. ಹೌದು, ಇಲ್ಲೇ. ಅದರ ಜೊತೆಗೆ ಈ ಊರಿನ ಒಬ್ಬ ಹಿರಿಯರಿಗೆ ನಾನು ತೀರಿಸಬೇಕಾದ ಒಂದು ಸಾಲವೂ ಇಲ್ಲೇ ಉಳಿದಿದೆ. ಆದ್ದರಿಂದ ಒಪ್ಪಿಕೊಂಡೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಗೆ ಇದ್ದದ್ದು ಹೆಂಚಿನ ಮೂರು ಕೊಠಡಿಗಳು, ಮುಂದೆ ಒಂದು ಜಗಲಿ. ಆ ವರ್ಷ ವಿಜ್ಞಾನ ವಸ್ತು ಪ್ರದರ್ಶನ ಏರ್ಪಾಡಾಯಿತು. ನಮ್ಮ ಡ್ರಾಯಿಂಗ್ ಮೇಷ್ಟ್ರ ಬಳಿ ಹಳೆಯ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದ ಒಂದು ಬಣ್ಣದ ಚಿತ್ರವಿತ್ತು. ಅದು ಬ್ರಿಟಿಷರ ಹರಿಕೇನ್ ಯುದ್ಧ ವಿಮಾನ. "ಎರಡನೇ ಮಹಾಯುದ್ಧದಲ್ಲಿ ನಮ್ಮ ಭಾರತದ ಪೈಲಟ್‌ಗಳೂ ಬರ್ಮಾದಲ್ಲಿ ಇದನ್ನೇ ಹಾರಿಸಿದರು. ಮಾಡ್ತೀಯೇನೋ?" ಎಂದು ಕೇಳಿದರು. ಮಾಡ್ತೀನಿ ಸಾರ್ ಎಂದುಬಿಟ್ಟೆ.

ಬೇಲಿಯ ಹಾಲುವಾಣದ ಕೊಂಬೆ ಒಣಗಿಸಿ ಬ್ಲೇಡಿನಲ್ಲಿ ಕೆತ್ತಿದೆ. ರೆಕ್ಕೆ ಕೂರಿಸಲು ಬಡಗಿ ಆಚಾರ್ರು ಅಂಟು ಕೊಟ್ಟರು. ಪ್ರೊಪೆಲ್ಲರ್ ಆದದ್ದು ಪೌಡರ್ ಡಬ್ಬಿಯ ತಗಡು. ಬಣ್ಣಕ್ಕೆ ಚಿಂತೆಯಿರಲಿಲ್ಲ, ಸಂಕ್ರಾಂತಿಗೆ ಎತ್ತುಗಳ ಕೊಂಬಿಗೆ ಹಚ್ಚಿ ಉಳಿದಿದ್ದ ಡಬ್ಬಿಗಳು ಅಟ್ಟದ ಮೇಲಿದ್ದವು. ಚಿತ್ರದಲ್ಲಿದ್ದಂತೆಯೇ ರೆಕ್ಕೆಯ ಮೇಲೆ ನೀಲಿ ಉಂಗುರ, ಒಳಗೆ ಬಿಳಿ, ನಟ್ಟನಡುವೆ ದುಂಡಗೆ ಕೆಂಪು ಬೊಟ್ಟು ಇಟ್ಟೆ. ಕೆಳಗೆ ರಟ್ಟಿನ ಮೇಲೆ ಬರೆದೆ: "ಹರಿಕೇನ್ ಯುದ್ಧ ವಿಮಾನ. ಭಾರತೀಯ ವಾಯುಪಡೆ, ಬರ್ಮಾ, 1944."

ಪ್ರದರ್ಶನದ ದಿನ ಊರಿನವರೆಲ್ಲ ಬಂದರು. ಅವರಲ್ಲಿ ನಾವೆಲ್ಲ ಮಿಲಿಟರಿ ತಾತ ಎಂದು ಕರೆಯುತ್ತಿದ್ದವರೂ ಇದ್ದರು. ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿ ಎಲ್ಲೋ ದೂರ ಹೋಗಿದ್ದರಂತೆ ಎಂಬುದಷ್ಟೇ ಊರಿಗೆ ಗೊತ್ತು. ಅವರು ನನ್ನ ವಿಮಾನವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಚೆನ್ನಾಗೈತೆ ಮಗ. ಈ ಕೆಂಪು ಬೊಟ್ಟು ಯಾಕಿಟ್ಟೆ?"

"ಚಿತ್ರದಲ್ಲಿ ಹಂಗೇ ಐತೆ ತಾತ."

"ಬರ್ಮಾದಾಗೆ ಕೆಂಪು ಇರ್ಲಿಲ್ಲ ಕಣ್ಲಾ. ಕೆಂಪಿದ್ರೆ ನಮ್ಮೋರೇ ಹೊಡೆದು ಬೀಳಿಸ್ತಿದ್ರು. ನಾನೇ ಎಷ್ಟು ಇಮಾನಕ್ಕೆ ಬಳಿದು ಮುಚ್ಚಿವ್ನಿ. ಮೂರು ದಪ ಬಳೀಬೇಕಾಗಿತ್ತು, ಹಾಳಾದ್ದು ಕೆಂಪು ಮೇಲಕ್ಕೇ ಬರೋದು."

ಪಕ್ಕದಲ್ಲಿದ್ದ ಯಾರೋ, "ತಾತಂಗೆ ಕಣ್ಣು ಮಂಜಾಗೈತೆ, ಬಣ್ಣ ಗೊತ್ತಾಗ್ತಿಲ್ಲ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಚ್ಚಾದ ಚಿತ್ರ ನನ್ನ ಕೈಯಲ್ಲಿತ್ತಲ್ಲ! ತಾತ ಮತ್ತೇನೂ ಹೇಳದೆ ವಿಮಾನವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಟುಹೋದರು. ನನ್ನ ಮಾದರಿಗೆ ಎರಡನೇ ಬಹುಮಾನ ಬಂತು.

ಆ ಮಾತನ್ನು ಮರೆತೇಬಿಟ್ಟಿದ್ದೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಒಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಹರಿಕೇನ್ ಕಿಟ್ ಕಂಡಿತು. 72ರಲ್ಲಿ ಒಂದು ಪಾಲಿನ ಅಳತೆ. ಡಬ್ಬಿ ತೆರೆದು ಬಣ್ಣದ ಸೂಚನೆಯ ಹಾಳೆ ಬಿಡಿಸಿದೆ. ಒಂದೇ ವಿಮಾನಕ್ಕೆ ಎರಡು ಬಗೆಯ ಬಣ್ಣ ಕೊಟ್ಟಿದ್ದರು. ಒಂದು 1940ರ ಇಂಗ್ಲೆಂಡಿನದು, ನಡುವೆ ಕೆಂಪು ಇತ್ತು. ಇನ್ನೊಂದು ಆಗ್ನೇಯ ಏಷ್ಯಾದ ರಣರಂಗದ್ದು. ಅದರಲ್ಲಿ ನೀಲಿ ಮತ್ತು ಬಿಳಿ ಮಾತ್ರ. ಕೆಂಪು ಇರಲಿಲ್ಲ.

ಹಾಳೆ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಮೊದಲು ತಾತನ ಮನೆ ಕಡೆಗೆ ಹೋದೆ. ಅವರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಕಾರಣವನ್ನು ಆಮೇಲೆ ಪುಸ್ತಕಗಳಲ್ಲಿ ಹುಡುಕಿದೆ. ಜಪಾನಿನ ವಿಮಾನಗಳ ಗುರುತು ಉದಯಸೂರ್ಯನ ಕೆಂಪು ವೃತ್ತ. ಗಂಟೆಗೆ ನೂರಾರು ಮೈಲಿ ವೇಗದಲ್ಲಿ ಹಾಯ್ದುಹೋಗುವ ವಿಮಾನದಲ್ಲಿ ನೆಲದ ಮೇಲಿನ ತೋಪುಗಾರನಿಗಾಗಲಿ ಇನ್ನೊಬ್ಬ ಪೈಲಟ್‌ಗಾಗಲಿ ಉಂಗುರಗಳನ್ನು ಎಣಿಸಲು ವ್ಯವಧಾನವಿರುವುದಿಲ್ಲ. ಕೆಂಪು ಕಂಡರೆ ಶತ್ರು ಎಂದು ಗುಂಡು ಹಾರುತ್ತದೆ. ಅಮೆರಿಕದವರು ತಮ್ಮ ನಕ್ಷತ್ರದ ನಡುವಿನ ಕೆಂಪು ಚುಕ್ಕೆಯನ್ನು 1942ರ ಮೇ ತಿಂಗಳಲ್ಲೇ ತೆಗೆದುಹಾಕಿದರು. ಭಾರತ ಮತ್ತು ಬರ್ಮಾ ಗಡಿಯಲ್ಲಿದ್ದ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳಿಂದಲೂ ಕೆಂಪು ಹೋಯಿತು. 1944ರಲ್ಲಿ ಜಪಾನಿ ಸೈನ್ಯ ಇಂಫಾಲವನ್ನು ಮುತ್ತಿದಾಗ ಅಲ್ಲಿಂದ ಹಾರುತ್ತಿದ್ದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಹರಿಕೇನ್‌ಗಳಿಗೂ ಇದೇ ನೀಲಿ ಬಿಳಿ ಗುರುತು. ಅದರ ನಾಯಕ ಅರ್ಜನ್ ಸಿಂಗ್, ಮುಂದೆ 1965ರ ಯುದ್ಧದಲ್ಲಿ ನಮ್ಮ ವಾಯುಪಡೆಯನ್ನು ಮುನ್ನಡೆಸಿದವರು. ಅಂಥ ವಿಮಾನಗಳ ಮೇಲೆ ಕೂತು ಕೆಂಪನ್ನು ಬಳಿದು ಮುಚ್ಚಿದ ಕೈಗಳಲ್ಲಿ ಎರಡು ಕೈ ನಮ್ಮೂರಿನವು.

ಅಂದಿನಿಂದ ಈ ಹವ್ಯಾಸ ನನಗೆ ಹೊತ್ತು ಕಳೆಯುವ ಆಟವಾಗಿ ಉಳಿಯಲಿಲ್ಲ. ಇದರ ಹಿನ್ನೆಲೆಯನ್ನು ಕೆದಕಿದಾಗ ತಿಳಿದದ್ದು, ಈ ಪುಟ್ಟ ವಿಮಾನಗಳು ಹರಡಿದ್ದೂ ಅದೇ ಪ್ರಶ್ನೆಯ ಜೊತೆಗೇ: ಬರುತ್ತಿರುವವನು ನಮ್ಮವನೋ ಶತ್ರುವೋ?

72ರಲ್ಲಿ ಒಂದು ಪಾಲು ಎಂದರೆ ಆರು ಅಡಿಗೆ ಒಂದು ಅಂಗುಲ. ಆರಡಿ ಆಳು ಮಾದರಿಯಲ್ಲಿ ಒಂದಂಗುಲದ ಬೊಂಬೆಯಾಗುತ್ತಾನೆ. ಹರಿಕೇನಿನ ರೆಕ್ಕೆಗಳ ಹರವು 40 ಅಡಿ. ಮಾದರಿಯಲ್ಲಿ ಅದು ಸುಮಾರು 17 ಸೆಂಟಿಮೀಟರ್. ಇಂಗ್ಲೆಂಡಿನಲ್ಲಿ 1932ರಲ್ಲಿ ಸ್ಕೈಬರ್ಡ್ಸ್ ಎಂಬ ಮರದ ಕಿಟ್‌ಗಳು ಈ ಅಳತೆಯನ್ನು ಬಳಕೆಗೆ ತಂದವು. 1936ರಲ್ಲಿ ಫ್ರಾಗ್ ಕಂಪನಿ ಪೆಂಗ್ವಿನ್ ಎಂಬ ಹೆಸರಿನಲ್ಲಿ ಇದೇ ಅಳತೆಯ ಪ್ಲಾಸ್ಟಿಕ್ ಮಾದರಿಗಳನ್ನು ಹೊರತಂದಿತು. ಹಾರಲಾರದ ಹಕ್ಕಿಯ ಹೆಸರು ಹಾರಲಾರದ ವಿಮಾನಕ್ಕೆ! ಯುದ್ಧ ಬಂದಾಗ ಸೈನಿಕರಿಗೆ ವಿಮಾನಗಳ ಗುರುತು ಹಿಡಿಯಲು ಕಲಿಸಬೇಕಾಯಿತು. 1942ರ ಆರಂಭದಲ್ಲಿ ಅಮೆರಿಕದ ನೌಕಾಪಡೆ ತನಗೆ 5 ಲಕ್ಷ ಮಾದರಿಗಳು ಬೇಕೆಂದು ಕೇಳಿಕೊಂಡದ್ದು ಯಾರನ್ನು ಗೊತ್ತೆ? ಹೈಸ್ಕೂಲು ಮಕ್ಕಳನ್ನು. 50 ಬಗೆಯ ವಿಮಾನ, ಒಂದೊಂದೂ 10 ಸಾವಿರ. ದೇಶದ ಮೂಲೆಮೂಲೆಯ ಶಾಲೆಗಳ ಮರಗೆಲಸದ ಕೊಠಡಿಗಳಲ್ಲಿ ಮಕ್ಕಳು ನಕ್ಷೆ ನೋಡಿ ಮರ ಕೆತ್ತಿದರು. ಅಳತೆ ತಪ್ಪಿದರೆ ಮಾದರಿ ತಿರಸ್ಕೃತವಾಗುತ್ತಿತ್ತು. ಎಲ್ಲಕ್ಕೂ ಕಪ್ಪು ಬಣ್ಣ, ಏಕೆಂದರೆ ದೂರದ ಆಕಾಶದಲ್ಲಿ ಕಾಣುವುದು ಆಕಾರ ಮಾತ್ರ. ಇಂಥ ಮಾದರಿಯನ್ನು 35 ಅಡಿ ದೂರದಲ್ಲಿ ಹಿಡಿದರೆ, 72ರಿಂದ ಗುಣಿಸಿ, ಅರ್ಧ ಮೈಲಿ ದೂರದ ನಿಜವಾದ ವಿಮಾನ ಕಂಡಂತೆಯೇ ಕಾಣುತ್ತದೆ. ನಮ್ಮ ಗಣಿತದ ಮೇಷ್ಟ್ರು ಇದನ್ನು ಕೇಳಿದ್ದರೆ ಪ್ರಮಾಣದ ಪಾಠವನ್ನು ಇದರಿಂದಲೇ ಶುರು ಮಾಡುತ್ತಿದ್ದರೇನೋ.

ಯುದ್ಧ ಮುಗಿದ ಮೇಲೆ 1950ರ ದಶಕದಲ್ಲಿ ಏರ್‌ಫಿಕ್ಸ್ ಮುಂತಾದ ಕಂಪನಿಗಳು ಅಗ್ಗದ ಪ್ಲಾಸ್ಟಿಕ್ ಕಿಟ್‌ಗಳನ್ನು ಹೊರತಂದವು. ಅಲ್ಲಿಂದ ಇದು ಲೋಕವೆಲ್ಲ ಹಬ್ಬಿದ ಹವ್ಯಾಸವಾಯಿತು.

ನಮ್ಮ ನಾಡಿಗೂ ಇದರ ನಂಟು ದೂರದ್ದಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು. ಇಂದಿನ ಎಚ್‌ಎಎಲ್ ಅದೇ. ಮಹಾಯುದ್ಧದ ಕಾಲದಲ್ಲಿ ಈ ರಣರಂಗದ ವಿಮಾನಗಳು ದುರಸ್ತಿಗೆ ಬರುತ್ತಿದ್ದದ್ದು ಅಲ್ಲಿಗೆ. ಮುಂದೆ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಅಲ್ಲಿ ಮರುತ್ ಎಂಬ ಜೆಟ್ ಯುದ್ಧ ವಿಮಾನದ ವಿನ್ಯಾಸ ನಡೆದಾಗ, ಮೊದಲು ಎಂಜಿನ್ನೇ ಇಲ್ಲದ ಒಂದು ಮರದ ಮಾದರಿ ಮಾಡಿದರು. ಪುಟ್ಟದಲ್ಲ, ವಿಮಾನದಷ್ಟೇ ದೊಡ್ಡದು. 1959ರಲ್ಲಿ ಅದನ್ನು ಡಕೋಟಾ ವಿಮಾನದ ಹಿಂದೆ ಕಟ್ಟಿ ಮೇಲಕ್ಕೊಯ್ದು ಬಿಟ್ಟು, ಅದು ತೇಲಿ ಇಳಿಯುವ ಬಗೆಯನ್ನು ಪರೀಕ್ಷಿಸಿದರು. ನಿಜವಾದ ಮರುತ್ ಹಾರಿದ್ದು 1961ರ ಜೂನ್ 17ರಂದು. ಮಾದರಿ ಮಾಡುವುದು ಮಕ್ಕಳಾಟ ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯದಲ್ಲೂ ಎಚ್‌ಎಎಲ್ ಸಂಗ್ರಹಾಲಯದಲ್ಲೂ ಮರುತ್ ಇದೆ. ನಮ್ಮ ಶಾಲೆಯ ಪ್ರವಾಸ ಆ ಕಡೆ ಹೋದಾಗ ಮಕ್ಕಳು ಅದರ ರೆಕ್ಕೆಯ ಗುರುತನ್ನು ಗಮನಿಸಿ ನೋಡಬೇಕು. ಸ್ವಾತಂತ್ರ್ಯ ಬಂದ ಮೇಲೆ ಕೆಲಕಾಲ ನಮ್ಮ ವಿಮಾನಗಳ ಮೇಲೆ ಅಶೋಕ ಚಕ್ರವಿತ್ತು. ಗಣರಾಜ್ಯವಾದ ಮೇಲೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರಿನ ವೃತ್ತ ಬಂತು. ಗುರುತು ನೋಡಿದರೆ ಸಾಕು, ವಿಮಾನ ಯಾವ ಕಾಲದ್ದೆಂದು ಹೇಳಿಬಿಡಬಹುದು.

ಆದ್ದರಿಂದಲೇ ಮಾದರಿ ಮಾಡುವವನು ಬಣ್ಣದ ಡಬ್ಬಿ ತೆರೆಯುವ ಮೊದಲು ಮೂರು ಪ್ರಶ್ನೆಗೆ ಉತ್ತರ ಹುಡುಕಬೇಕು. ಇದು ಯಾವ ಪಡೆಯ ವಿಮಾನ? ಯಾವ ಊರಿನಲ್ಲಿತ್ತು? ಯಾವ ವರ್ಷ? ಉಳಿದದ್ದು ತಾಳ್ಮೆಯ ಕೆಲಸ. ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಂಚು ಉಜ್ಜಿ, ಅಂಟಿಸಬೇಕು. ಸಂದಿಗೆ ಪುಟ್ಟಿ ತುಂಬಿ ನೀರು ಹಾಕಿ ಸ್ಯಾಂಡ್‌ಪೇಪರಿನಲ್ಲಿ ತಿಕ್ಕಬೇಕು. ಮೊದಲು ಹೊಟ್ಟೆಯ ತಿಳಿ ಬಣ್ಣ, ಆಮೇಲೆ ಬೆನ್ನಿನ ಗಾಢ ಬಣ್ಣ. ಕೆಳಗಿನಿಂದ ನೋಡುವವನಿಗೆ ವಿಮಾನ ಆಕಾಶದಲ್ಲಿ ಕರಗಬೇಕು, ಮೇಲಿನಿಂದ ನೋಡುವವನಿಗೆ ಕಾಡು ಮಣ್ಣಿನಲ್ಲಿ ಬೆರೆಯಬೇಕು. ಹರಿಕೇನಿನ ಬೆನ್ನಿಗೆ ಕಡು ಹಸಿರು ಮತ್ತು ಮಣ್ಣಿನ ಕಂದು ಬಂದದ್ದು ಅದಕ್ಕೇ. ಅದರ ಹಿಂಭಾಗದ ಮೈಗೆ ತಗಡಿಲ್ಲ, ಬಟ್ಟೆ ಹೊದಿಸಿರುತ್ತಿದ್ದರು. ಮಾದರಿಯಲ್ಲೂ ಆ ಬಟ್ಟೆಯ ಕೆಳಗಿನ ಪಟ್ಟಿಗಳ ಏರಿಳಿತ ಕಾಣಬೇಕು. ಅಷ್ಟೂ ಭಾಗ ತಿಕ್ಕಿ ನುಣ್ಣಗೆ ಮಾಡಿದರೆ ನೋಡಲು ಚೆಂದ, ಆದರೆ ಸುಳ್ಳು.

ಈ ಸುವರ್ಣ ಮಹೋತ್ಸವಕ್ಕೆಂದು ಕಳೆದ ಕೆಲವು ತಿಂಗಳಿಂದ ಮತ್ತೊಂದು ಹರಿಕೇನ್ ಮಾಡಿದೆ. ಕಿಟ್‌ನಲ್ಲಿ ನೀಲಿ ಬಿಳಿಯ ಸ್ಟಿಕ್ಕರ್ ಇತ್ತು. ಅಂಟಿಸಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಮೊದಲು ನೀಲಿ, ಬಿಳಿ, ಕೆಂಪು ಮೂರನ್ನೂ ಕೈಯಲ್ಲೇ ಬರೆದೆ. ಒಣಗಿದ ಮೇಲೆ ಕೆಂಪು ಬೊಟ್ಟಿನ ಮೇಲೆ ಬಿಳಿ ಬಳಿದೆ. ಮರುದಿನ ನೋಡಿದರೆ ಬಿಳಿಯ ಅಡಿಯಿಂದ ಕೆಂಪು ಗುಲಾಬಿಯಾಗಿ ಇಣುಕುತ್ತಿತ್ತು. ಇನ್ನೊಮ್ಮೆ ಬಳಿದೆ. ಆಗಲೂ ಕಂಡಿತು. ಮೂರನೇ ಸಲಕ್ಕೆ ಮುಚ್ಚಿತು.

ತಾತ ಹೇಳಿದ್ದರು, ಮೂರು ದಪ ಬಳೀಬೇಕಾಗಿತ್ತು ಅಂತ. ಆ ಮಾತು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಬ್ರಷ್ಷನ್ನು ಕೆಳಗಿಟ್ಟು ಸುಮ್ಮನೆ ಕೂತೆ. ಅಂದು ಜಗಲಿಯ ಮೇಲೆ ನಕ್ಕ ನಗು ಕಿವಿಯಲ್ಲಿ ಕೇಳಿತು.

ಅವರನ್ನು ಕೇಳಬೇಕಾಗಿದ್ದ ಪ್ರಶ್ನೆಗಳು ಎಷ್ಟೊಂದು. ಯಾವ ನಿಲ್ದಾಣದಲ್ಲಿದ್ದಿರಿ, ಮಳೆಗಾಲದ ಕೆಸರಲ್ಲಿ ವಿಮಾನ ಹೇಗೆ ಹಾರಿಸಿದಿರಿ, ಹೋದ ವಿಮಾನ ಬಾರದೆ ಇದ್ದಾಗ ಏನು ಮಾಡುತ್ತಿದ್ದಿರಿ? ಊರಿನಲ್ಲಿ ಒಬ್ಬರೂ ಕೇಳಲಿಲ್ಲ, ಒಬ್ಬರೂ ಬರೆದಿಡಲಿಲ್ಲ. ಶಾಲೆಯಲ್ಲಿ ಇತಿಹಾಸದ ಪಿರಿಯಡ್ಡಿನಲ್ಲಿ ನಾವು ಮಹಾಯುದ್ಧದ ಕಾರಣಗಳನ್ನು ಬಾಯಿಪಾಠ ಮಾಡುತ್ತಿದ್ದಾಗ ಆ ಯುದ್ಧ ಮುಗಿಸಿ ಬಂದವರು ಶಾಲೆಯ ಎದುರಿನ ಅರಳಿಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿರುತ್ತಿದ್ದರು.

ಈ ಹೊಸ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಶಾಲೆಗೆ ಒಪ್ಪಿಸುತ್ತಿದ್ದೇನೆ. ಪಕ್ಕದಲ್ಲಿ ನನ್ನ ಹಳೆಯ ಹಾಲುವಾಣದ ವಿಮಾನವನ್ನೂ ಇಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇನೆ. ಅದರ ಕೆಂಪು ಬೊಟ್ಟನ್ನು ನಾನು ತಿದ್ದಿಲ್ಲ. ತಪ್ಪು ಹಾಗೆಯೇ ಕಾಣಲಿ. ನಮ್ಮ ಮಕ್ಕಳು ಎರಡನ್ನೂ ನೋಡಿ, "ಇದರಲ್ಲಿ ಕೆಂಪಿದೆ, ಅದರಲ್ಲಿ ಯಾಕಿಲ್ಲ?" ಎಂದು ಕೇಳಿದರೆ, ಮೇಷ್ಟ್ರುಗಳು ದಯವಿಟ್ಟು ಮಿಲಿಟರಿ ತಾತನ ಕಥೆ ಹೇಳಬೇಕು. ಆಮೇಲೆ, ನಿಮ್ಮ ಮನೆಯ ಹಿರಿಯರು ಏನು ಕೆಲಸ ಮಾಡಿದ್ದರು, ಕೇಳಿ ಬರೆದುಕೊಂಡು ಬನ್ನಿ ಎಂದು ಅವರನ್ನು ಮನೆಗೆ ಕಳಿಸಬೇಕು.

ನನಗೆ ಕೆತ್ತಲು ಕಲಿಸಿದ ಡ್ರಾಯಿಂಗ್ ಮೇಷ್ಟ್ರಿಗೂ, ತಿದ್ದಿದ ತಾತನಿಗೂ, ಇಬ್ಬರನ್ನೂ ನನಗೆ ಕೊಟ್ಟ ಈ ಶಾಲೆಗೂ ನನ್ನ ನಮಸ್ಕಾರ.