ಮೂತ್ರಪಿಂಡರೋಗದಲ್ಲಿ ಪಾಂಡುತೆ: ಕಾರಣವಿಚಾರದ ಇತಿಹಾಸ

ರೋಗಗಳಿಗೆ ಹೆಸರಿಡುವಲ್ಲಿ ಪ್ರಾಚೀನರು ಬಹುಮಟ್ಟಿಗೆ ಕಣ್ಣಿಗೆ ತೋರುವ ಲಕ್ಷಣವನ್ನೇ ಆಧಾರವಾಗಿ ಹಿಡಿದರು. ಮೈಬಣ್ಣವು ಬಿಳಿಚಿಕೊಳ್ಳುವುದರಿಂದ ‘ಪಾಂಡು’ ಎಂಬ ಹೆಸರಾಯಿತು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಈ ರೋಗಕ್ಕೆಂದೇ ಒಂದು ಅಧ್ಯಾಯವುಂಟು. ಕಬ್ಬಿಣವು ಸೇರಿದ ಔಷಧಯೋಗಗಳೂ ಅಲ್ಲಿ ಹೇಳಲ್ಪಟ್ಟಿವೆ. ಆದರೆ ಬಣ್ಣವು ಒಂದೇ ಆದ ಮಾತ್ರಕ್ಕೆ ಕಾರಣವೂ ಒಂದೇ ಆಗಬೇಕೆಂಬ ನಿಯಮವಿಲ್ಲ. ದೀರ್ಘಕಾಲದ ಮೂತ್ರಪಿಂಡರೋಗದಿಂದ ನರಳುವವರಲ್ಲಿ ರಕ್ತವು ಕುಂದುವುದೇಕೆ ಎಂಬ ಪ್ರಶ್ನೆಯ ಇತಿಹಾಸವು ಇದಕ್ಕೆ ತಕ್ಕ ನಿದರ್ಶನವಾಗಿದೆ. ಒಂದೊಂದು ಕಾಲದ ವೈದ್ಯರು ಒಂದೊಂದೇ ಕಾರಣವನ್ನು ಮುಖ್ಯವೆಂದು ಹಿಡಿದರೆಂಬುದನ್ನೂ, ಆ ಏಕದೃಷ್ಟಿಯ ಬೆಲೆಯನ್ನು ರೋಗಿಗಳು ತೆರಬೇಕಾಯಿತೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಲಂಡನ್ ನಗರದ ಗೈಸ್ ಆಸ್ಪತ್ರೆಯ ವೈದ್ಯನಾದ ರಿಚರ್ಡ್ ಬ್ರೈಟನು 1827ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಚರಿತ್ರೆಯು ಮೊದಲಾಗುವುದು. ಮೈ ಬಾತಿದ್ದ ರೋಗಿಗಳ ಮೂತ್ರವನ್ನು ಕಾಯಿಸಿದಾಗ ಅದು ಹೆಪ್ಪುಗಟ್ಟುವುದೆಂದೂ, ಅಂಥವರು ಸತ್ತಮೇಲೆ ಪರೀಕ್ಷಿಸಿದರೆ ಮೂತ್ರಪಿಂಡಗಳು ಕೆಟ್ಟಿರುವುದೆಂದೂ ಆತನು ತೋರಿಸಿದನು. ಆ ರೋಗಿಗಳ ಮುಖವು ಕ್ರಮಕ್ರಮವಾಗಿ ಕಳೆಗುಂದಿ ಬಿಳುಪೇರುವುದನ್ನು 1836ರ ಲೇಖನದಲ್ಲಿ ವರ್ಣಿಸಿದನು. ಎಡಿನ್‌ಬರೋ ನಗರದ ರಾಬರ್ಟ್ ಕ್ರಿಸ್ಟಿಸನ್ನನು 1839ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ರೋಗವು ಬೆಳೆದಂತೆಲ್ಲ ರಕ್ತದ ವರ್ಣದ್ರವ್ಯವು ಕಡಮೆಯಾಗುವುದೆಂದು ಪರೀಕ್ಷೆಯಿಂದ ನಿರ್ಧರಿಸಿದನು. ಆದರೆ ಅಂದಿನ ವೈದ್ಯಶಾಸ್ತ್ರವು ಈ ವ್ಯಾಧಿಯನ್ನು ಉರಿಯೂತವೆಂದು ಎಣಿಸುತ್ತಿತ್ತು. ಉರಿಯೂತಕ್ಕೆ ರಕ್ತಮೋಕ್ಷಣವೇ ಮದ್ದೆಂಬುದು ಸಂಪ್ರದಾಯವಾಗಿತ್ತು. ರಕ್ತವು ಬತ್ತುತ್ತಿದ್ದವರ ಮೈಯಿಂದಲೇ ರಕ್ತವನ್ನು ತೆಗೆದದ್ದು ಈ ಇತಿಹಾಸದ ಮೊದಲನೆಯ ವಿಪರ್ಯಾಸ.

ಮುಂದೆ ಬಂದ ಮತವು ವಿಷವಾದ. ಮೂತ್ರದೊಡನೆ ಹೊರಹೋಗಬೇಕಾದ ಮಲಿನದ್ರವ್ಯಗಳು ದೇಹದಲ್ಲಿಯೇ ನಿಂತು, ರಕ್ತವನ್ನೂ ಅದನ್ನು ಹುಟ್ಟಿಸುವ ಅಸ್ಥಿಮಜ್ಜೆಯನ್ನೂ ಕೆಡಿಸುತ್ತವೆಂಬುದು ಇದರ ಸಾರ. ಇದು ಪೂರ್ಣವಾಗಿ ಸುಳ್ಳಲ್ಲ. ಆರೋಗ್ಯವಂತರಲ್ಲಿ ಸುಮಾರು 120 ದಿನ ಬಾಳುವ ಕೆಂಪು ರಕ್ತಕಣವು ಈ ರೋಗಿಗಳಲ್ಲಿ ಅಷ್ಟು ಕಾಲ ಉಳಿಯದು. ಆದರೆ ಸ್ವಸ್ಥವಾದ ಮಜ್ಜೆಯು ಅಷ್ಟು ನಷ್ಟವನ್ನು ತಾನೇ ತುಂಬಿಕೊಳ್ಳಬಲ್ಲದು. ಇಲ್ಲಿ ಅದು ಏಕೆ ತುಂಬಿಕೊಳ್ಳಲಿಲ್ಲ?

ಇದಕ್ಕೆ ಉತ್ತರದ ಸುಳಿವು ದೊರೆತುದು ಮೂತ್ರಪಿಂಡದ ವಿಚಾರವೇ ಇಲ್ಲದ ಮತ್ತೊಂದು ಶೋಧನೆಯಿಂದ. 1890ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ವಿಯೊ ಎಂಬವನು ಪೆರು ದೇಶದ ಎತ್ತರವಾದ ಪರ್ವತಪ್ರದೇಶಕ್ಕೆ ಹೋಗಿ, ಕೆಲವೇ ವಾರಗಳಲ್ಲಿ ತನ್ನ ರಕ್ತಕಣಗಳ ಸಂಖ್ಯೆಯು ಬಹಳವಾಗಿ ಏರಿದುದನ್ನು ಎಣಿಸಿ ನೋಡಿದನು. ಪ್ರಾಣವಾಯುವಿನ ಕೊರತೆಯು ಮಜ್ಜೆಗೆ ಹೇಗೆ ತಿಳಿಯುವುದು? ಪಾರಿಸಿನಲ್ಲಿ ಪಾಲ್ ಕಾರ್ನೊ, ಕ್ಲೊತಿಲ್ದ್ ದಫ್ಲಾಂದ್ರ್ ಎಂಬಿಬ್ಬರು 1906ರಲ್ಲಿ, ರಕ್ತ ತೆಗೆದ ಮೊಲದ ರಕ್ತರಸವನ್ನು ಬೇರೆ ಮೊಲಗಳಿಗೆ ಚುಚ್ಚಿ, ರಕ್ತದಲ್ಲಿಯೇ ಸಂಚರಿಸುವ ಒಂದು ದ್ರವ್ಯವು ಮಜ್ಜೆಯನ್ನು ಪ್ರೇರಿಸುವುದೆಂದು ಸಾರಿದರು. ಆ ಪ್ರಯೋಗವನ್ನು ಪುನಃ ಮಾಡಿದ ಹಲವರಿಗೆ ಅದೇ ಫಲವು ಬಾರದೆ, ಆ ಮತವು ದೀರ್ಘಕಾಲ ಸಂಶಯಗ್ರಸ್ತವಾಗಿ ಉಳಿಯಿತು. 1948ರಲ್ಲಿ ಫಿನ್ಲೆಂಡಿನ ಬಾನ್ಸ್‌ಡಾರ್ಫ್ ಮತ್ತು ಯಲವಿಸ್ಟೊ ಅದಕ್ಕೆ ‘ಎರಿತ್ರೊಪೊಯೆಟಿನ್’ ಎಂದು ಹೆಸರಿಟ್ಟರು. 1953ರಲ್ಲಿ ಆಲನ್ ಎರ್ಸ್ಲೆವ್ ಎಂಬವರು ಅದರ ಇರುವಿಕೆಯನ್ನು ಮೊಲಗಳಲ್ಲಿ ಸ್ಪಷ್ಟವಾಗಿ ಸ್ಥಾಪಿಸಿದರು.

ಎರಡು ಧಾರೆಗಳೂ ಸಂಗಮಿಸಿದುದು 1957ರಲ್ಲಿ. ಶಿಕಾಗೊ ನಗರದ ಲಿಯಾನ್ ಜೇಕಬ್ಸನ್ನರೂ ಅವರ ಸಹಕಾರಿಗಳೂ ಕೆಲವು ಇಲಿಗಳ ಮೂತ್ರಪಿಂಡಗಳನ್ನು ತೆಗೆದುಹಾಕಿದರು. ಬೇರೆ ಕೆಲವಕ್ಕೆ ಮೂತ್ರಪಿಂಡಗಳನ್ನು ಉಳಿಸಿ ಮೂತ್ರನಾಳಗಳನ್ನು ಮಾತ್ರ ಕಟ್ಟಿದರು. ಮಲಿನದ್ರವ್ಯವು ಎರಡು ಗುಂಪುಗಳಲ್ಲಿಯೂ ತುಂಬಿಕೊಂಡಿತು. ಆದರೂ ರಕ್ತನಷ್ಟವಾದಾಗ ಪ್ರೇರಕದ್ರವ್ಯವು ಹುಟ್ಟಿದುದು ಮೂತ್ರಪಿಂಡವುಳ್ಳ ಇಲಿಗಳಲ್ಲಿ ಮಾತ್ರ. ಹೀಗೆ ವಿಷವೊಂದೇ ಕಾರಣವಲ್ಲವೆಂದೂ, ಮೂತ್ರಪಿಂಡವು ಶೋಧಿಸುವ ಅಂಗ ಮಾತ್ರವಾಗಿರದೆ ಮಜ್ಜೆಗೆ ಆಜ್ಞೆಯನ್ನು ಕಳುಹುವ ಅಂಗವೂ ಆಗಿದೆಯೆಂದೂ ಸಿದ್ಧವಾಯಿತು.

ಆ ದ್ರವ್ಯವನ್ನು ಶುದ್ಧರೂಪದಲ್ಲಿ ಪಡೆಯಲು ಇನ್ನೂ 20 ವರ್ಷಗಳು ಹಿಡಿದುವು. ಜಪಾನಿನ ಕುಮಾಮೊಟೊ ಪ್ರಾಂತದಲ್ಲಿ, ಮಜ್ಜೆಯೇ ಸೊರಗಿದ ರೋಗಿಗಳ 2,550 ಲೀಟರ್ ಮೂತ್ರವನ್ನು ಕೂಡಿಹಾಕಿ, ಮಿಯಾಕೆ, ಗೋಲ್ಡ್‌ವಾಸರ್ ಮೊದಲಾದವರು ಅದರಿಂದ ಕೆಲವೇ ಮಿಲಿಗ್ರಾಂ ಶುದ್ಧದ್ರವ್ಯವನ್ನು 1977ರಲ್ಲಿ ತೆಗೆದರು. ಫು-ಕುಎನ್ ಲಿನ್ ಅವರು 1983ರಲ್ಲಿ ಅದರ ಜೀನನ್ನು ಪ್ರತ್ಯೇಕಿಸಿದುದರಿಂದ ಔಷಧದ ತಯಾರಿಕೆಯು ಸಾಧ್ಯವಾಯಿತು. ಸಿಯಾಟಲಿನ ಜೋಸೆಫ್ ಎಷ್ಬಾಕ್ ಮೊದಲಾದವರು 1987ರಲ್ಲಿ ಪ್ರಕಟಿಸಿದ ಫಲಿತಾಂಶವು ವೈದ್ಯಲೋಕವನ್ನು ಬೆರಗುಗೊಳಿಸಿತು. ಅದುವರೆಗೆ ಡಯಾಲಿಸಿಸ್ ರೋಗಿಗಳಲ್ಲಿ ಅನೇಕರು ಪರರ ರಕ್ತವನ್ನು ಪದೇ ಪದೇ ಪಡೆದೇ ಜೀವಿಸುತ್ತಿದ್ದರು. ಅದರೊಡನೆ ಯಕೃತ್ತಿನ ಸೋಂಕೂ ಕಬ್ಬಿಣದ ಅತಿಸಂಚಯವೂ ಬರುತ್ತಿದ್ದುವು. ಈಗ ಅವರ ರಕ್ತವು ಅವರಲ್ಲಿಯೇ ಹುಟ್ಟತೊಡಗಿತು. 1989ರಲ್ಲಿ ಅಮೆರಿಕದ ಸರಕಾರವು ಈ ಔಷಧಕ್ಕೆ ಅನುಮತಿಯನ್ನಿತ್ತಿತು.

ಇಲ್ಲಿಗೆ ಕಥೆಯು ಮುಗಿಯಿತೆಂದು ಭಾವಿಸಿದವರು ಉಂಟು. ಕಾರಣವು ಹಾರ್ಮೋನಿನ ಅಭಾವವಾದರೆ, ಅದನ್ನು ಬೇಕಾದಷ್ಟು ಕೊಟ್ಟು ರಕ್ತವನ್ನು ಸ್ವಸ್ಥರ ಮಟ್ಟಕ್ಕೇ ಏರಿಸಬಾರದೇಕೆ ಎಂಬುದು ಅವರ ತರ್ಕ. 2006ರಲ್ಲಿ ಪ್ರಕಟವಾದ ‘ಕ್ವಾಯರ್’ ಎಂಬ ಪರೀಕ್ಷೆಯಲ್ಲಿ, ಹೀಮೊಗ್ಲೋಬಿನ್ನನ್ನು ಡೆಸಿಲೀಟರಿಗೆ 13.5 ಗ್ರಾಮಿಗೆ ಏರಿಸಲೆಳಸಿದವರಲ್ಲಿ, 11.3 ಗ್ರಾಂ ಗುರಿಯಿದ್ದವರಿಗಿಂತ ಮರಣ ಮತ್ತು ಹೃದ್ರೋಗಾದಿ ಅನಾಹುತಗಳು ಹೆಚ್ಚಾದುವು. 2009ರ ‘ಟ್ರೀಟ್’ ಪರೀಕ್ಷೆಯಲ್ಲಿ, ಅದೇ ವರ್ಗದ ಔಷಧವನ್ನು ಪಡೆದ ಮಧುಮೇಹಿಗಳಲ್ಲಿ ಪಾರ್ಶ್ವವಾಯುವಿನ ಸಂಖ್ಯೆಯು ಸುಮಾರು ಇಮ್ಮಡಿಯಾಯಿತು. ರಕ್ತಮೋಕ್ಷಣ ಮಾಡಿದವರ ತಪ್ಪಿಗೆ ವಿರುದ್ಧದಿಕ್ಕಿನದಾದರೂ, ಇದೂ ಏಕದೃಷ್ಟಿಯ ಫಲವೇ.

ಹಾಗಾದರೆ ಯಾರಿಗೆ ಈ ಪಾಂಡುತೆಯ ಅಪಾಯವು ಹೆಚ್ಚು? ಮೊದಲನೆಯದು ಮೂತ್ರಪಿಂಡದ ಶೋಧನಶಕ್ತಿಯ ಕುಂದು. ಅಮೆರಿಕದ ಜನರನ್ನು ಕುರಿತ ಒಂದು ಗಣನೆಯಲ್ಲಿ, ಆ ಶಕ್ತಿಯು ನಿಮಿಷಕ್ಕೆ 60 ಮಿಲಿಲೀಟರ್ ಇದ್ದವರಲ್ಲಿ ರಕ್ತಹೀನತೆಯು ನೂರಕ್ಕೆ 1, 30 ಇದ್ದವರಲ್ಲಿ 9, 15 ಇದ್ದವರಲ್ಲಿ 33 ಎಂದು ಕಂಡುಬಂದಿತು. ಎರಡನೆಯದು ಮಧುಮೇಹ, ಇದರಲ್ಲಿ ರಕ್ತಹೀನತೆಯು ಬೇಗನೆ ತಲೆದೋರುವುದು. ಮೂರನೆಯದು ಉರಿಯೂತ. 2000ದ ಸುಮಾರಿನಲ್ಲಿ ಪತ್ತೆಯಾದ ಹೆಪ್ಸಿಡಿನ್ ಎಂಬ ದ್ರವ್ಯವು ಉರಿಯೂತದಿಂದ ಹೆಚ್ಚಿ, ದೇಹದಲ್ಲಿ ಕಬ್ಬಿಣವಿದ್ದರೂ ಅದು ಮಜ್ಜೆಗೆ ದೊರೆಯದಂತೆ ಕಣಜದ ಬಾಗಿಲನ್ನು ಮುಚ್ಚಿಬಿಡುವುದು. ನಾಲ್ಕನೆಯದು ಕಬ್ಬಿಣದ ನಿಜವಾದ ಕೊರತೆ: ಡಯಾಲಿಸಿಸಿನಲ್ಲಿ ಉಳಿದುಹೋಗುವ ರಕ್ತ, ಪರೀಕ್ಷೆಗಾಗಿ ಮತ್ತೆ ಮತ್ತೆ ತೆಗೆಯುವ ರಕ್ತ, ಕರುಳಿನ ಸ್ರಾವ, ಸ್ತ್ರೀಯರಲ್ಲಿ ಋತುಸ್ರಾವ ಇವೆಲ್ಲವೂ ಅದಕ್ಕೆ ದಾರಿ. ಫೋಲೇಟ್ ಮತ್ತು ಬಿ12 ಜೀವಸತ್ತ್ವಗಳ ಕೊರತೆ, ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿವೃತ್ತಿ, ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳು ಇವೂ ಗಣನೀಯ. ಇದಕ್ಕೆ ಪ್ರತಿಯಾಗಿ, ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ತುಂಬುವ ವಂಶಾನುಗತ ರೋಗದಲ್ಲಿ ರಕ್ತಹೀನತೆಯು ಸಾಮಾನ್ಯವಾಗಿ ಅಲ್ಪವಾಗಿರುವುದು.

ನಮ್ಮ ದೇಶದ ಮಟ್ಟಿಗೆ ಈ ವಿವೇಚನೆಯು ಬಹಳ ಅಗತ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಪಾಂಡುತೆಯು ಇಷ್ಟು ಸಾಮಾನ್ಯವಾಗಿರುವ ನಾಡಿನಲ್ಲಿ ಅದನ್ನು ಕಂಡೊಡನೆ ಕಬ್ಬಿಣದ ಗುಳಿಗೆಯನ್ನು ಕೊಟ್ಟು ಸುಮ್ಮನಾಗುವುದು ಸುಲಭ. ಆಗ ಅದರ ಹಿಂದೆ ಸದ್ದಿಲ್ಲದೆ ಕೆಡುತ್ತಿರುವ ಮೂತ್ರಪಿಂಡವು ಕಣ್ಣಿಗೆ ಬೀಳದೆ ಹೋಗಬಹುದು. ಮೂತ್ರಪಿಂಡವು ಕೆಟ್ಟಿದೆಯೆಂದು ತಿಳಿದಲ್ಲಿ, ಎಲ್ಲವನ್ನೂ ಅದರ ತಲೆಗೇ ಕಟ್ಟಿ, ಆಹಾರದ ಕೊರತೆಯನ್ನೂ ರಕ್ತಸ್ರಾವವನ್ನೂ ಮರೆಯುವುದು ಅಷ್ಟೇ ಸುಲಭ. ಬ್ರೈಟನು ಕಂಡ ಬಿಳುಪು ಮುಖವು ಇಂದಿಗೂ ಅದೇ ಬಿಳುಪು. ಅದರ ಹಿಂದೆ ಎಷ್ಟು ಕಾರಣಗಳು ಕೂಡಿವೆಯೆಂಬುದನ್ನು ಒಬ್ಬೊಬ್ಬ ರೋಗಿಯಲ್ಲಿಯೂ ಬೇರೆ ಬೇರೆಯಾಗಿ ವಿಚಾರಿಸಿ ತಿಳಿಯತಕ್ಕದ್ದು.