ಬ್ರೋಕನ್ ಲ್ಯಾನ್ಸ್

1954ರಲ್ಲಿ ತೆರೆಕಂಡ ಅಮೆರಿಕದ ವೆಸ್ಟರ್ನ್ ಚಲನಚಿತ್ರ. ನಿರ್ದೇಶಕ ಎಡ್ವರ್ಡ್ ಡಿಮಿಟ್ರಿಕ್; ನಿರ್ಮಾಣ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯದು. ಸಿನಿಮಾಸ್ಕೋಪ್ ತೆರೆಯ ಅಗಲವನ್ನು ಹುಲ್ಲುಗಾವಲಿನ ವಿಸ್ತಾರ ತೋರಿಸಲು ಸಮರ್ಥವಾಗಿ ಬಳಸಿಕೊಂಡ ಆರಂಭಿಕ ಚಿತ್ರಗಳಲ್ಲಿ ಒಂದು.

ಕಥೆ: ಮ್ಯಾಟ್ ಡೆವರೋ (ಸ್ಪೆನ್ಸರ್ ಟ್ರೇಸಿ) ಸ್ವಂತ ದುಡಿಮೆಯಿಂದ ದೊಡ್ಡ ರ‍್ಯಾಂಚ್ ಕಟ್ಟಿದ ದನಗಳ ಒಡೆಯ. ಮೊದಲ ಹೆಂಡತಿಯ ಮೂವರು ಮಕ್ಕಳನ್ನು ಆಳುಗಳಂತೆ ದುಡಿಸುತ್ತಾನೆ. ಮೂಲನಿವಾಸಿ ಹೆಂಡತಿಯ ಮಗ ಜೋ (ರಾಬರ್ಟ್ ವ್ಯಾಗ್ನರ್) ಅವನಿಗೆ ಅಚ್ಚುಮೆಚ್ಚು. ತಾಮ್ರದ ಗಣಿಯ ಕೊಳಕು ಹೊಳೆಗೆ ಸೇರಿ ದನಗಳು ಸತ್ತಾಗ ಮ್ಯಾಟ್ ಗಣಿಯ ಮೇಲೆ ದಾಳಿ ಮಾಡುತ್ತಾನೆ. ತಂದೆಯನ್ನು ಉಳಿಸಲು ಜೋ ತಪ್ಪನ್ನು ತಲೆಗೆ ಹೊತ್ತು ಮೂರು ವರ್ಷ ಜೈಲಿಗೆ ಹೋಗುತ್ತಾನೆ. ಅಷ್ಟರಲ್ಲಿ ಹಿರಿಯ ಮಗ ಬೆನ್ (ರಿಚರ್ಡ್ ವಿಡ್ಮಾರ್ಕ್) ತಮ್ಮಂದಿರೊಂದಿಗೆ ತಂದೆಗೆ ತಿರುಗಿಬೀಳುತ್ತಾನೆ, ಮ್ಯಾಟ್ ಸಾಯುತ್ತಾನೆ. ಜೋ ಬಿಡುಗಡೆಯಾಗಿ ಬರುವಲ್ಲಿಂದ ಚಿತ್ರ ಆರಂಭವಾಗುತ್ತದೆ, ಹಿಂದಿನದೆಲ್ಲ ಫ್ಲ್ಯಾಶ್‌ಬ್ಯಾಕ್.

ಹಿನ್ನೆಲೆ: ಇದು 1949ರ ‘ಹೌಸ್ ಆಫ್ ಸ್ಟ್ರೇಂಜರ್ಸ್’ ಚಿತ್ರದ ಮರುನಿರ್ಮಾಣ. ಆ ಚಿತ್ರಕ್ಕೆ ಜೆರೋಮ್ ವೈಡ್‌ಮನ್ ಕಾದಂಬರಿ ಆಧಾರ. ಅಲ್ಲಿ ನ್ಯೂಯಾರ್ಕ್‌ನ ಇಟಾಲಿಯನ್ ಮೂಲದ ಬ್ಯಾಂಕರ್ ಕುಟುಂಬದಲ್ಲಿದ್ದ ಕಲಹ ಇಲ್ಲಿ ದನಗಾಹಿಗಳ ನಾಡಿಗೆ ಬಂದಿದೆ. ಮಕ್ಕಳ ನಡುವೆ ಪಾಲಾಗುವ ಅಧಿಕಾರ ಷೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’ ನಾಟಕವನ್ನು ನೆನಪಿಸುತ್ತದೆ. ಬಿಳಿಯರ ಸಮಾಜದ ವರ್ಣದ್ವೇಷವೂ ಇಲ್ಲಿನ ಮುಖ್ಯ ವಸ್ತು: ಜೋ ಗವರ್ನರ್ ಮಗಳನ್ನು ಪ್ರೀತಿಸಿದಾಗ ಆ ದ್ವೇಷ ಬಯಲಿಗೆ ಬರುತ್ತದೆ.

ಮನ್ನಣೆ: ಫಿಲಿಪ್ ಯಾರ್ಡನ್ ಹೆಸರಿಗೆ ಅತ್ಯುತ್ತಮ ಕಥೆಯ ಆಸ್ಕರ್ ದೊರೆಯಿತು. ಜೋನ ತಾಯಿಯ ಪಾತ್ರ ಮಾಡಿದ ಮೆಕ್ಸಿಕೋದ ಕೇಟಿ ಹುರಾಡೊ ಅತ್ಯುತ್ತಮ ಪೋಷಕನಟಿ ವಿಭಾಗದಲ್ಲಿ ನಾಮನಿರ್ದೇಶನಗೊಂಡರು.