ರಿದಮ್, ಕಂಟ್ರಿ ಅಂಡ್ ಬ್ಲೂಸ್: ಗೆರೆ ದಾಟಿದ ಹಾಡುಗಳು

'ರಿದಮ್, ಕಂಟ್ರಿ ಅಂಡ್ ಬ್ಲೂಸ್' ಅಮೆರಿಕದ ಎಂಸಿಎ ಕಂಪನಿ 1994ರಲ್ಲಿ ಹೊರತಂದ ಗೀತಸಂಕಲನ. ಬಿಳಿಯರ ಸಂಗೀತವೆಂದು ಹೆಸರಾದ ಕಂಟ್ರಿ ಪ್ರಕಾರದ ಕಲಾವಿದರು, ಕಪ್ಪು ಜನರ ಸಂಗೀತವೆಂದು ಹೆಸರಾದ ರಿದಮ್ ಅಂಡ್ ಬ್ಲೂಸ್ ಕಲಾವಿದರೊಡನೆ ಜೋಡಿಯಾಗಿ ಹಳೆಯ ಗೀತೆಗಳನ್ನು ಮತ್ತೆ ಹಾಡಿರುವುದು ಇದರ ವೈಶಿಷ್ಟ್ಯ. ಒಟ್ಟು 11 ಹಾಡುಗಳಿದ್ದು, ಡಾನ್ ವಾಸ್ ನಿರ್ಮಾಪಕರು.

ಎರಡೂ ಪ್ರಕಾರಗಳ ಬೇರು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿದೆ. ಅವುಗಳ ನಡುವೆ ಗೆರೆ ಎಳೆದವರು ಹಾಡುಗಾರರಿಗಿಂತ ಹೆಚ್ಚಾಗಿ ವ್ಯಾಪಾರಿಗಳು. 1920ರ ದಶಕದಲ್ಲಿ ಧ್ವನಿಮುದ್ರಣ ಕಂಪನಿಗಳು ಕಪ್ಪು ಗಾಯಕರ ತಟ್ಟೆಗಳನ್ನು 'ರೇಸ್' ಎಂದೂ ದಕ್ಷಿಣದ ಬಿಳಿಯರ ತಟ್ಟೆಗಳನ್ನು 'ಹಿಲ್‌ಬಿಲಿ' ಎಂದೂ ವಿಂಗಡಿಸಿ ಮಾರಿದವು. 1949ರಲ್ಲಿ 'ಬಿಲ್‌ಬೋರ್ಡ್' ಪತ್ರಿಕೆಯು 'ರೇಸ್' ಪಟ್ಟಿಗೆ 'ರಿದಮ್ ಅಂಡ್ ಬ್ಲೂಸ್' ಎಂದು ಮರುನಾಮಕರಣ ಮಾಡಿತು. ಹೆಸರು ಬದಲಾಯಿತೇ ಹೊರತು ಗೆರೆ ಅಳಿಯಲಿಲ್ಲ.

ಸಂಕಲನದ ಎರಡು ಹಾಡುಗಳಿಗೆ 1995ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಂದಿತು. ಅಲ್ ಗ್ರೀನ್ ಮತ್ತು ಲೈಲ್ ಲವೆಟ್ ಹಾಡಿದ 'ಫನ್ನಿ ಹೌ ಟೈಮ್ ಸ್ಲಿಪ್ಸ್ ಅವೇ'ಗೆ ಪಾಪ್ ವಿಭಾಗದಲ್ಲಿ, ಏರನ್ ನೆವಿಲ್ ಮತ್ತು ಟ್ರಿಶಾ ಇಯರ್‌ವುಡ್ ಹಾಡಿದ 'ಐ ಫಾಲ್ ಟು ಪೀಸಸ್'ಗೆ ಕಂಟ್ರಿ ವಿಭಾಗದಲ್ಲಿ! ಗೆರೆ ದಾಟಲು ಹೊರಟ ಆಲ್ಬಂ ಪ್ರಶಸ್ತಿಯ ಹೊತ್ತಿಗೆ ಮತ್ತೆ ವಿಭಾಗಗಳಿಗೆ ಹಂಚಿಹೋಯಿತು.

ಪ್ರಶಸ್ತಿ ಪಡೆಯದ 'ರೇನಿ ನೈಟ್ ಇನ್ ಜಾರ್ಜಿಯಾ' ಇಡೀ ಸಂಕಲನದ ಆಶಯಕ್ಕೆ ಹೆಚ್ಚು ಹತ್ತಿರ. ಇದನ್ನು ರಚಿಸಿದವರು ಲೂಸಿಯಾನದ ಬಿಳಿಯ ಗಾಯಕ ಟೋನಿ ಜೋ ವೈಟ್. 1970ರಲ್ಲಿ ಜನಪ್ರಿಯಗೊಳಿಸಿದವರು ಕಪ್ಪು ಗಾಯಕ ಬ್ರೂಕ್ ಬೆಂಟನ್. ಇಲ್ಲಿ ಸ್ಯಾಮ್ ಮೂರ್ ಅವರೊಂದಿಗೆ ಕಂಟ್ರಿ ಗಾಯಕ ಕಾನ್ವೇ ಟ್ವಿಟಿ ದನಿಗೂಡಿಸಿದ್ದಾರೆ. ಆಲ್ಬಂ ಮಾರುಕಟ್ಟೆಗೆ ಬರುವ ಮುನ್ನವೇ, 1993ರ ಜೂನ್‌ನಲ್ಲಿ ಟ್ವಿಟಿ ನಿಧನರಾದರು.